ಎರಡಕ್ಷರದ ವ್ಯಾಜ್ಯ

ಹುಡುಗನೊಬ್ಬ ಹಲಗೆಯ ಮೇಲೆ ಎರಡೇ ಬಿಲ್ಲೆಗಳನ್ನಿರಿಸಿ ಕೈ ಹಿಂತೆಗೆಯುತ್ತಾನೆ: ಒಂದು ಓ, ಮತ್ತೊಂದು ಕೆ. ಎದುರಿಗೆ ಕುಳಿತ ಅಕ್ಕ ಒಪ್ಪುವುದಿಲ್ಲ. ಅದು ಪದವೇ ಅಲ್ಲವೆಂದು ಆಕೆಯ ವಾದ. “ದಿನಕ್ಕೆ ನೂರು ಸಲ ನೀನೇ ಆಡುತ್ತೀಯಲ್ಲ!” ಎಂದು ಅವನ ಪ್ರತಿವಾದ. ಸ್ಕ್ರ್ಯಾಬಲ್ ಎಂಬ ಪದಕ್ರೀಡೆಯ ಪರಿಚಯವಿರುವ ಮನೆಗಳಿಗೆ ಇಂಥ ವ್ಯಾಜ್ಯ ಹೊಸದಲ್ಲ. ಅಚ್ಚರಿಯೆಂದರೆ, ೨೦೧೮ರವರೆಗೂ ನ್ಯಾಯ ಅಕ್ಕನ ಪಕ್ಷದಲ್ಲಿತ್ತು.

ಜಗತ್ತಿನ ಬಹುಭಾಗದಲ್ಲಿ ಅರ್ಥವಾಗುವ ಪದವೊಂದಿದ್ದರೆ ಅದು ‘ಓಕೆ’. ಅದರ ಹುಟ್ಟು ಮಾತ್ರ ಅಷ್ಟೇನೂ ಗಂಭೀರವಾದುದಲ್ಲ. ೧೮೩೦ರ ದಶಕದ ಕೊನೆಗೆ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಗಳಿಗೆ ಒಂದು ವಿಲಕ್ಷಣ ಚಪಲ ಅಂಟಿಕೊಂಡಿತ್ತು. ಪದಗಳನ್ನು ಬೇಕೆಂದೇ ತಪ್ಪಾಗಿ ಬರೆದು, ಆ ತಪ್ಪಿನ ಮೊದಲಕ್ಷರಗಳನ್ನು ಮಾತ್ರ ಉಳಿಸಿ ಅಚ್ಚುಹಾಕುವುದು! ‘ಆಲ್ ರೈಟ್’ ಎಂಬುದು ‘ಓಲ್ ರೈಟ್’ ಆಗಿ, ಕಾಗುಣಿತ ಮತ್ತಷ್ಟು ಕೆಟ್ಟು, ‘ಓ ಡಬ್ಲ್ಯೂ’ ಆಯಿತು. ಅಂತೆಯೇ ‘ಆಲ್ ಕರೆಕ್ಟ್’ ಎಂಬುದು ‘ಓಲ್ ಕೊರೆಕ್ಟ್’ ಆಗಿ ‘ಓಕೆ’ಯಾಯಿತು. ೧೮೩೯ನೆಯ ಇಸವಿ ಮಾರ್ಚ್ ೨೩ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ಪರಿಹಾಸದ ಬರಹವೊಂದರಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಎಲ್ಲವೂ ಸರಿ ಎಂದು ಸಾರುವ ಪದವೇ ಕಾಗುಣಿತದ ತಪ್ಪಿನಿಂದ ಜನಿಸಿದ್ದು ವಿನೋದವಲ್ಲವೆ?

ಅದರ ಒಡಹುಟ್ಟುಗಳೆಲ್ಲ ಕೆಲವೇ ವರ್ಷಗಳಲ್ಲಿ ಮಡಿದುವು. ಇದು ಬದುಕಿದ್ದು ರಾಜಕಾರಣದ ಕೃಪೆಯಿಂದ. ೧೮೪೦ರ ಚುನಾವಣೆಯಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಮತ್ತೆ ಸ್ಪರ್ಧಿಸಿದಾಗ, ಆತನ ಹುಟ್ಟೂರು ಕಿಂಡರ್‌ಹುಕ್‌ನಿಂದ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರು ಬಂದು, ಬೆಂಬಲಿಗರು ‘ಓಕೆ’ ಸಂಘಗಳನ್ನೇ ಕಟ್ಟಿದರು. ವ್ಯಾನ್ ಬ್ಯೂರನ್ ಸೋತ, ಪದ ಗೆದ್ದಿತು. ಕಾಲಕ್ರಮದಲ್ಲಿ ಅದರ ಮೂಲವನ್ನು ಜನ ಮರೆತರು; ಗ್ರೀಕರದೆಂದರು, ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರದೆಂದರು. ಈ ಎರಡನೆಯ ಮತವನ್ನು ನಂಬಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್ ಕಾಗದಪತ್ರಗಳ ಮೇಲೆ ‘ಓಕೆ’ಯ ಕೊನೆಗೆ ಈ, ಹೆಚ್ ಅಕ್ಷರಗಳನ್ನು ಸೇರಿಸಿ ಬರೆಯುತ್ತಿದ್ದ. ಆಲನ್ ವಾಕರ್ ರೀಡ್ ಎಂಬ ವಿದ್ವಾಂಸ ಹಳೆಯ ಪತ್ರಿಕೆಗಳನ್ನು ಜಾಲಾಡಿ, ೧೯೬೩-೬೪ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಈ ಜನ್ಮವೃತ್ತಾಂತವನ್ನು ಸ್ಥಾಪಿಸಿದ.

ಅರ್ಥದ ವಿಷಯದಲ್ಲಂತೂ ಇದು ಬಹುರೂಪಿ. ನಾಮಪದವಾಗಿ ಒಪ್ಪಿಗೆ, ಕ್ರಿಯಾಪದವಾಗಿ ಒಪ್ಪುವಿಕೆ, ವಿಶೇಷಣವಾಗಿ ‘ಕ್ಷೇಮ’. ಕನ್ನಡದಲ್ಲಿ ‘ಸರಿ’, ‘ಆಗಲಿ’, ‘ಪರವಾಗಿಲ್ಲ’ ಎಂಬ ಮೂರು ಮಾತುಗಳು ಹಂಚಿಕೊಂಡ ಹೊರೆಯನ್ನು ಇದೊಂದೇ ಹೊರುತ್ತದೆ. ಸಾರು ಹೇಗಿದೆಯೆಂದು ಕೇಳಿದ ಗೃಹಿಣಿಗೆ ‘ಓಕೆ’ ಎಂಬ ಉತ್ತರ ಬಂದರೆ, ಅದು ಹೊಗಳಿಕೆಯಲ್ಲವೆಂದು ಆಕೆ ಚೆನ್ನಾಗಿಯೇ ಬಲ್ಲಳು!

ಇಂಥ ಪದಕ್ಕೆ ಹಲಗೆಯ ಮೇಲೆ ಸ್ಥಳ ಏಕಿರಲಿಲ್ಲ? ಸ್ಕ್ರ್ಯಾಬಲ್ ಆಟವನ್ನು ರೂಪಿಸಿದಾತ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಆತ, ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಬಿಲ್ಲೆಗಳ ಬೆಲೆ ಕಟ್ಟಿದ. ನೂರು ಬಿಲ್ಲೆಗಳಲ್ಲಿ ಓ ಎಂಟು, ಕೆ ಒಂದೇ ಒಂದು. ಓ ಅಕ್ಷರಕ್ಕೆ ೧ ಅಂಕ, ಕೆ ಅಕ್ಷರಕ್ಕೆ ೫. ಸದಾ ದೊಡ್ಡಕ್ಷರದಲ್ಲಿ ಬರೆಯುವ ಪದಗಳಿಗೂ ಸಂಕ್ಷೇಪಗಳಿಗೂ ಆಟದ ನಿಯಮ ಅವಕಾಶ ಕೊಡುವುದಿಲ್ಲ. ‘ಓಕೆ’ ಈ ಎರಡು ದೋಷಗಳಿಗೂ ಗುರಿಯಾಯಿತು. ಅದನ್ನೇ ನಾಲ್ಕು ಅಕ್ಷರಗಳಲ್ಲಿ ಬಿಡಿಸಿ ಬರೆದರೆ ಸಾಧು. ವಿಲ್ಸನ್ನನ ತಪ್ಪು ಕಾಗುಣಿತವೂ ಸಾಧು. ಮೂಲರೂಪ ಮಾತ್ರ ಅಸಾಧು! ಪ್ರಾಚೀನ ಈಜಿಪ್ಟಿನವರು ಆತ್ಮಕ್ಕೆ ಹೇಳುತ್ತಿದ್ದ ‘ಕಾ’ ಎಂಬುದೂ, ಪೂರ್ವದೇಶಗಳ ಪ್ರಾಣಶಕ್ತಿಯಾದ ‘ಕಿ’ ಎಂಬುದೂ ಪಟ್ಟಿಯಲ್ಲಿ ವಿರಾಜಿಸುತ್ತಿದ್ದಾಗ, ಬೀದಿಯ ಮಾತು ಹೊಸ್ತಿಲಾಚೆ ನಿಂತಿತ್ತು. ಇದನ್ನು ನಿಯಮನಿಷ್ಠೆಯೆನ್ನಬಹುದು, ನ್ಯಾಯವೆನ್ನುವುದು ಕಷ್ಟ.

ಆಟಗಾರರಿಗೆ ಇದು ಬರಿಯ ಹಟದ ಪ್ರಶ್ನೆಯಾಗಿರಲಿಲ್ಲ. ಅಮೆರಿಕದ ಪಟ್ಟಿಯಲ್ಲಿ ಕೆ ಅಕ್ಷರದಿಂದ ಮುಗಿಯುವ ಎರಡಕ್ಷರದ ಪದ ಒಂದೂ ಇರಲಿಲ್ಲ. ಮೂರು ಪಟ್ಟು ಬೆಲೆಯ ಚೌಕದ ಮೇಲೆ ಕೆ ಬಿದ್ದು, ಅಡ್ಡಕ್ಕೂ ಉದ್ದಕ್ಕೂ ಪದಗಳಾದರೆ ಆ ಒಂದು ಬಿಲ್ಲೆಯೇ ೩೦ ಅಂಕ ತರುತ್ತದೆ. ಪಕ್ಕದಲ್ಲಿ ಓ ಕಾದಿದ್ದರೂ ಕೆ ಹಿಡಿದವನು ಸುಮ್ಮನೆ ಕೂರಬೇಕಾಗಿತ್ತು.

ನಿಘಂಟುಗಳು ಸಣ್ಣಕ್ಷರದ ರೂಪವನ್ನೂ ದಾಖಲಿಸತೊಡಗಿದ ಮೇಲೆ ತಡೆ ಸಡಿಲವಾಯಿತು. ೨೦೧೮ರ ಸೆಪ್ಟೆಂಬರಿನಲ್ಲಿ ಮೆರಿಯಂ-ವೆಬ್‌ಸ್ಟರ್ ಸಂಸ್ಥೆಯ ಆಟಗಾರರ ನಿಘಂಟಿನ ಆರನೆಯ ಆವೃತ್ತಿ ಮುನ್ನೂರು ಹೊಸ ಪದಗಳೊಡನೆ ಹೊರಬಂದಾಗ ‘ಓಕೆ’ ಅವುಗಳಲ್ಲೊಂದಾಗಿತ್ತು. ಮರುವರ್ಷ ಬ್ರಿಟನ್ನಿನ ಕಾಲಿನ್ಸ್ ಪಟ್ಟಿಯೂ ಅದನ್ನು ಸ್ವೀಕರಿಸಿತು.

ಈಗ ಅಕ್ಕ ಆಕ್ಷೇಪವೆತ್ತಿದರೆ ಅಮೆರಿಕದ ಪಂದ್ಯಗಳ ನಿಯಮದಂತೆ ತನ್ನ ಒಂದು ಸರದಿಯನ್ನೇ ಕಳೆದುಕೊಳ್ಳುತ್ತಾಳೆ. ತಮ್ಮನ ಲೆಕ್ಕಕ್ಕೆ ೬ ಅಂಕಗಳು ಸೇರುತ್ತವೆ.