ಮಳೆಗಾಲದಲ್ಲಿ ಮನೆಯೊಳಗಿನ ತೇವ

ಆಷಾಢ, ಶ್ರಾವಣ ಮಾಸಗಳಲ್ಲಿ ಮಲೆನಾಡಿನ ಮನೆಗಳ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಬಟ್ಟೆ ಒಣಗದು. ಈ ಕಾಲದಲ್ಲಿ ಉಬ್ಬಸ, ಸೀನು, ಗಜಕರ್ಣಗಳಿಂದ ಬಳಲಿ ಬಂದವರನ್ನು ನಾವು ಮೊದಲು ಕೇಳುವುದು, ಮಲಗುವ ಕೋಣೆಯಲ್ಲಿ ಬೂಷ್ಟು ಹಿಡಿದಿದೆಯೇ ಎಂದು.

ವರ್ಷಾ ಋತುವಿನಲ್ಲಿ ಜಠರಾಗ್ನಿ ಕುಂದಿ ವಾತವು ಪ್ರಕೋಪಗೊಳ್ಳುತ್ತದೆಂಬುದು ಆಯುರ್ವೇದದ ಮತ. ಆದುದರಿಂದಲೇ ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಋತುಚರ್ಯಾಧ್ಯಾಯದಲ್ಲಿ ನೆಲದ ಆವಿ, ಶೀತ, ತುಂತುರುಗಳಿಲ್ಲದ ಎಡೆಯಲ್ಲಿ ವಾಸಿಸುವಂತೆ ವಿಧಿಸಿದ್ದಾರೆ. ಮನೆಯೊಳಗಿನ ಆರ್ದ್ರತೆ ಶೇ. 30ರಿಂದ 50ರಷ್ಟಿದ್ದರೆ ಹಿತವೆಂದೂ, ಶೇ. 60ನ್ನು ಮೀರಿ ನಿಂತರೆ ಬೂಷ್ಟು ಮತ್ತು ಹಾಸಿಗೆಯ ಧೂಳುಹುಳುಗಳು ಹೆಚ್ಚುವುವೆಂದೂ ಇಂದಿನ ವಿಜ್ಞಾನ ಹೇಳುತ್ತದೆ. ಇದನ್ನು ಅಳೆಯುವ ಸಣ್ಣ ಮಾಪಕವೂ ಅಂಗಡಿಗಳಲ್ಲಿ ದೊರೆಯುತ್ತದೆ.

ಮೊದಲು ಸೋರುವ ಹೆಂಚನ್ನು ಸರಿಪಡಿಸಬೇಕು. ಒದ್ದೆಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವದೆ ಜಗಲಿಯಲ್ಲಿ ಒಣಗಿಸಬೇಕು. ಅಡುಗೆಯ ಪಾತ್ರೆಗೆ ಮುಚ್ಚಳವಿಟ್ಟು, ಆವಿ ಹೊರಹೋಗುವಂತೆ ಕಿಟಕಿ ತೆರೆದಿಡಬೇಕು. ಸ್ನಾನದ ಮನೆಯ ಬಾಗಿಲನ್ನು ಒಳಗಿನ ಕೋಣೆಗಳ ಕಡೆಗೆ ಮುಚ್ಚಿರಬೇಕು. ಮಂಚ, ಕಪಾಟುಗಳನ್ನು ಗೋಡೆಯಿಂದ ಗೇಣುದ್ದ ಸರಿಸಿದರೆ ಹಿಂದೆ ಗಾಳಿಯಾಡುತ್ತದೆ. ಮಳೆ ಹೊಳವಾದೊಡನೆ ಎದುರುಬದುರಿನ ಕಿಟಕಿಗಳನ್ನು ತೆರೆದು, ಹಾಸಿಗೆಗೆ ಬಿಸಿಲು ಕಾಣಿಸಬೇಕು. ಬೂಷ್ಟನ್ನು ಒಣಗಿದ್ದಂತೆಯೇ ಗುಡಿಸಬಾರದು. ಸೋಪಿನ ನೀರಿನಿಂದ ಒರೆಸಿ ಆರಿಸಬೇಕು.

ಧೂಪ ಹಾಕುವುದು ನಮ್ಮ ಸಂಪ್ರದಾಯ. ಆದರೆ ಉಬ್ಬಸವಿರುವ ಮಗುವೋ ವೃದ್ಧರೋ ಮಲಗಿರುವ ಮುಚ್ಚಿದ ಕೋಣೆಯಲ್ಲಿ ಯಾವ ಹೊಗೆಯೂ ಸಲ್ಲದು. ಹೊಗೆ ವಾಸನೆಯನ್ನು ಮರೆಸೀತೇ ಹೊರತು ಗೋಡೆಯ ತೇವವನ್ನು ನೀಗದು. ಉಸಿರನ್ನು ಮಾತ್ರ ಕಟ್ಟಿಸುತ್ತದೆ.

ಮನೆ ಒಣಗಿತೆಂದು ಉಬ್ಬಸದ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದೆಂದು ಭಕ್ತಬಾಂಧವರಲ್ಲಿ ನಮ್ಮ ವಿನಂತಿ. ಮಾತನಾಡಲೂ ಆಗದಷ್ಟು ಏದುಸಿರು ಬಂದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.