ಟೆರಾಕೋಟಾ ಗಣಪ ನೀರಿನಲ್ಲಿ ಕರಗುತ್ತಾನೆಯೇ? ಹಸಿ ಮಣ್ಣು, ಸುಟ್ಟ ಮಣ್ಣು, ಪಿಒಪಿ ಬಗ್ಗೆ ತಿಳಿಯಬೇಕಾದ ಸಂಗತಿಗಳು

ಗಣೇಶ ಚೌತಿ ಹತ್ತಿರವಾದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ಪಿಒಪಿ ಗಣಪ ಬೇಡ, ಟೆರಾಕೋಟಾ ಗಣಪನನ್ನು ತನ್ನಿ, ಅದು ಮಣ್ಣಿನದ್ದು, ನೀರಿಗೆ ಬಿಟ್ಟರೆ ಕರಗಿಹೋಗುತ್ತದೆ ಎಂಬುದು ಅದರ ಸಾರ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಮಾಹಿತಿ ಅರ್ಧ ಮಾತ್ರ ಸರಿ.

ಚುಟುಕು ಉತ್ತರ

ಇಲ್ಲ, ಟೆರಾಕೋಟಾ ಕರಗುವುದಿಲ್ಲ. ಟೆರಾಕೋಟಾ ಎಂದರೆ ಸುಟ್ಟ ಮಣ್ಣು. ಮನೆ ಮೇಲಿನ ಹಂಚು, ನೀರಿನ ಮಡಕೆ ಇವೆಲ್ಲ ಅದೇ ಜಾತಿ. ಹಂಚು ಪ್ರತಿ ಮಳೆಗಾಲಕ್ಕೆ ಕರಗುವಂತಿದ್ದರೆ ಯಾರೂ ಅದನ್ನು ಹೊದಿಸುತ್ತಿರಲಿಲ್ಲ. ನೀರಿನಲ್ಲಿ ಬಿಡಿಬಿಡಿಯಾಗಿ ಮಣ್ಣಿಗೆ ಮರಳುವುದು ಸುಡದ, ಒಣಗಿಸಿದ ಹಸಿ ಮಣ್ಣಿನ ಮೂರ್ತಿ ಮಾತ್ರ.

ರಾಯಚೂರಿನ ಎರಡು ಎತ್ತುಗಳು

ಈ ವ್ಯತ್ಯಾಸ ತಿಳಿಯಲು ರಾಯಚೂರು ಜಿಲ್ಲೆಯ ಎರಡು ಮಣ್ಣಿನ ಎತ್ತುಗಳನ್ನು ನೋಡಿದರೆ ಸಾಕು.

ಮೊದಲನೆಯದು ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು. ಕಾರಹುಣ್ಣಿಮೆಯ ನಂತರ ಬರುವ ಈ ಅಮಾವಾಸ್ಯೆಗೆ ರಾಯಚೂರು, ದೇವದುರ್ಗ, ಮಾನ್ವಿ ಸೇರಿದಂತೆ ಉತ್ತರ ಕರ್ನಾಟಕದ ಉದ್ದಗಲಕ್ಕೂ ಮನೆಮನೆಯಲ್ಲಿ ಮಣ್ಣಿನ ಜೋಡೆತ್ತು ಪೂಜೆಯಾಗುತ್ತದೆ. ಅವುಗಳ ಮುಂದೆ ಮಣ್ಣಿನದೇ ಗ್ವಾದಲಿ ಇಡುತ್ತಾರೆ. ಈ ಎತ್ತನ್ನು ಸುಡುವುದಿಲ್ಲ, ನೆರಳಲ್ಲಿ ಒಣಗಿಸುತ್ತಾರೆ ಅಷ್ಟೇ. ಒಂದು ಜೋರು ಮಳೆಗೆ ಸಿಕ್ಕರೆ ಮತ್ತೆ ಹೊಲದ ಮಣ್ಣು. ಇದರ ನಂತರ ಬರುವ ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರರೂ ಹಸಿ ಮಣ್ಣಿನವರೇ. ಜೋಕುಮಾರನ ಕತೆಯಲ್ಲಂತೂ ಅವನ ಆಯುಷ್ಯವೇ ಏಳು ದಿನ. ಬಂದು ಹೋಗುವ ದೇವರಿಗೆ ಬಂದು ಹೋಗುವ ಮಣ್ಣು.

ಎರಡನೆಯದು ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಎತ್ತು. ಅಲ್ಲಿ ಉತ್ಖನನ ನಡೆಸಿದ ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1960ರಲ್ಲಿ ವರದಿ ಪ್ರಕಟಿಸಿದರು. ನವಶಿಲಾಯುಗದ ದನಗಾಹಿಗಳು ನೆಲೆಸಿದ್ದ ಆ ಜಾಗದಲ್ಲಿ ಸಿಕ್ಕ ವಸ್ತುಗಳಲ್ಲಿ ಸುಟ್ಟ ಮಣ್ಣಿನ ಎತ್ತಿನ ಗೊಂಬೆಗಳೂ ಇವೆ. ಸಾವಿರಾರು ಮಳೆಗಾಲ ಕಳೆದರೂ ಅವು ನೆಲದಡಿ ಕರಗಲಿಲ್ಲ.

ಎರಡೂ ಎತ್ತು, ಎರಡೂ ಮಣ್ಣು. ನಡುವೆ ಇರುವುದು ಬೆಂಕಿ.

ಬೆಂಕಿ ಮಣ್ಣಿಗೆ ಏನು ಮಾಡುತ್ತದೆ?

ಜೇಡಿಮಣ್ಣು ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ, ಚಪ್ಪಟೆಯಾದ ಖನಿಜದ ಹಾಳೆಗಳು. ಅವುಗಳ ನಡುವೆ ನೀರಿದ್ದಾಗ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಹಾಗಾಗಿಯೇ ಮಣ್ಣು ನಾವು ಹೇಳಿದ ಆಕಾರಕ್ಕೆ ಬರುತ್ತದೆ. ಬಿಸಿಲಿಗಿಟ್ಟರೆ ಹಾಳೆಗಳ ನಡುವಿನ ಈ ನೀರು ಮಾತ್ರ ಹೋಗುತ್ತದೆ. ಮತ್ತೆ ನೀರು ಹಾಕಿದರೆ ಮತ್ತೆ ಮೆತ್ತಗಾಗುತ್ತದೆ.

ಆದರೆ ಖನಿಜದ ರಚನೆಯೊಳಗೇ ಬೆಸೆದುಕೊಂಡ ಇನ್ನೊಂದು ಬಗೆಯ ನೀರಿದೆ. ಅದನ್ನು ಹೊರಹಾಕಲು ಸಾಮಾನ್ಯವಾಗಿ 450ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕುಂಬಾರರ ಆವಿಗೆಯಲ್ಲಿ ಶಾಖ 700 ಡಿಗ್ರಿಯನ್ನೂ ದಾಟುತ್ತದೆ. ಆ ನೀರು ಹೋದ ಮೇಲೆ ಹಾಳೆಗಳ ರಚನೆಯೇ ಬದಲಾಗುತ್ತದೆ, ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ರೊಟ್ಟಿ ಬೆಂದ ಮೇಲೆ ಅದನ್ನು ಮತ್ತೆ ಹಿಟ್ಟು ಮಾಡಲಾಗದು, ಇದೂ ಹಾಗೆಯೇ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗಾಳಿಯಾಡುವ ಬೆಂಕಿಯಲ್ಲಿ ಕೆಂಪಾಗುವುದರಿಂದ ಮಡಕೆಗೆ ಕೆಂಪು ಬಣ್ಣ ಬರುತ್ತದೆ.

ಸುಡುವ ಗೊಂಬೆಗಳನ್ನು ಒಳಗೆ ಟೊಳ್ಳಾಗಿ ಮಾಡಿ ಸಣ್ಣ ರಂಧ್ರ ಬಿಡುವುದಕ್ಕೂ ಕಾರಣವಿದೆ. ದಪ್ಪ ಮಣ್ಣಿನ ಒಳಗೆ ತೇವ ಉಳಿದರೆ ಬೆಂಕಿಯಲ್ಲಿ ಅದು ಉಗಿಯಾಗುತ್ತದೆ. ನೀರು ಉಗಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹೊರಹೋಗಲು ದಾರಿ ಸಿಗದಿದ್ದರೆ ಗೊಂಬೆ ಸಿಡಿಯುತ್ತದೆ.

ಎರೆಮಣ್ಣಿನ ಮೂರ್ತಿ ಯಾಕೆ ಬಿರುಕು ಬಿಡುತ್ತದೆ?

ದೇವದುರ್ಗ, ಮಾನ್ವಿ ಸುತ್ತಲಿನ ಎರೆಹೊಲಗಳು ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಎರೆಮಣ್ಣಿನಲ್ಲಿ ಹೆಚ್ಚಾಗಿರುವ ಮಾಂಟ್‌ಮೊರಿಲ್ಲೊನೈಟ್ ಬಗೆಯ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಹಳ ಕುಗ್ಗುತ್ತದೆ. ಬರೀ ಎರೆಮಣ್ಣಿನಿಂದ ಮಾಡಿದ ಮೂರ್ತಿಗೂ ಇದೇ ಗತಿ. ಮಕ್ಕಳ ಜೊತೆ ಮನೆಯಲ್ಲೇ ಮೂರ್ತಿ ಮಾಡುವವರು ಮಣ್ಣಿಗೆ ಸ್ವಲ್ಪ ಸಣ್ಣ ಮರಳು, ಜರಡಿ ಹಿಡಿದ ಬೂದಿ ಅಥವಾ ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಬಿರುಕು ಕಡಿಮೆಯಾಗುತ್ತದೆ. ಬಿರುಕು ಬಿಟ್ಟರೆ ಅಪಶಕುನವೇನಲ್ಲ, ಅದು ಮಣ್ಣಿನ ಗುಣ.

ಪಿಒಪಿ ಮಣ್ಣೇ ಅಲ್ಲವೇ?

ಅಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಜಿಪ್ಸಂ ಎಂಬ ಖನಿಜವನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಮಾಡಿದ ಪುಡಿ. ನೀರು ಬೆರೆತ ಕೂಡಲೇ ಅದು ಮತ್ತೆ ಜಿಪ್ಸಂ ಆಗಿ ಗಟ್ಟಿಯಾಗುತ್ತದೆ. ಒಂದು ಲೀಟರ್ ನೀರಿನಲ್ಲಿ ಜಿಪ್ಸಂ ಕರಗುವುದು ಎರಡರಿಂದ ಎರಡೂವರೆ ಗ್ರಾಂ ಮಾತ್ರ. ಅಂದರೆ 20 ಲೀಟರಿನ ಬಕೆಟ್‌ನಲ್ಲಿ ಹೆಚ್ಚೆಂದರೆ 50 ಗ್ರಾಂ. ಹತ್ತು ಕೆಜಿ ಮೂರ್ತಿ ಪೂರ್ತಿ ಕರಗಲು 4,000 ಲೀಟರ್ ನೀರಾದರೂ ಬೇಕು. ನಿಂತ ನೀರಿನಲ್ಲಿ ಇದು ಬಹಳ ನಿಧಾನ. ಹಾಗಾಗಿಯೇ ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಹೋದ ವರ್ಷದ ಮೂರ್ತಿಯ ಕೈಕಾಲು ಕಾಣುತ್ತವೆ.

ಪಿಒಪಿ ವಿಷ ಎಂಬ ಸಂದೇಶವೂ ಪೂರ್ತಿ ಸರಿಯಲ್ಲ. ಜಿಪ್ಸಂ ವಿಷವಲ್ಲ, ಆದರೆ ನೀರಿನ ಗಡಸುತನ ಹೆಚ್ಚಿಸುತ್ತದೆ, ತಳದಲ್ಲಿ ಗಟ್ಟಿ ರಾಶಿಯಾಗಿ ಉಳಿಯುತ್ತದೆ. ಹೆಚ್ಚಿನ ಅಪಾಯ ಬಣ್ಣದ್ದು. ಕೆಲವು ಅಗ್ಗದ ಪೇಂಟ್‌ಗಳಲ್ಲಿ ಸೀಸ, ಕ್ರೋಮಿಯಂನಂತಹ ಲೋಹಗಳಿರುತ್ತವೆ. ಅದೇ ಪೇಂಟ್ ಹಸಿ ಮಣ್ಣಿನ ಗಣಪನ ಮೇಲಿದ್ದರೂ ಅಪಾಯ ಅದೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮೇ ತಿಂಗಳಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಪಿಒಪಿ ಮತ್ತು ವಿಷಕಾರಿ ಬಣ್ಣ ಎರಡನ್ನೂ ಬೇಡ ಎನ್ನುತ್ತದೆ.

ಬಾಹುಬಲಿ ಗಣಪ ಪಿಒಪಿಯದ್ದೇ ಯಾಕೆ?

2015ರಲ್ಲಿ ಬಾಹುಬಲಿ ಸಿನಿಮಾ ಬಂದಾಗ ಹೆಗಲ ಮೇಲೆ ಶಿವಲಿಂಗ ಹೊತ್ತ ಗಣಪ ಊರೂರಲ್ಲಿ ಕಂಡ. 2022ರಲ್ಲಿ ಪುನೀತ್ ರಾಜ್‌ಕುಮಾರ್ ಜೊತೆಗಿರುವ ಗಣಪನಿಗೆ ಬಹಳ ಬೇಡಿಕೆ ಇತ್ತು. ಚಾಚಿದ ತೋಳು, ಎತ್ತಿದ ಕಾಲು, ತೆಳ್ಳನೆಯ ಬಿಲ್ಲು ಇಂಥವನ್ನು ಹಸಿ ಮಣ್ಣು ಸುಲಭವಾಗಿ ತಡೆಯುವುದಿಲ್ಲ. ಭಾರಕ್ಕೆ ಬಾಗುತ್ತದೆ, ಒಣಗುವಾಗ ಸೀಳುತ್ತದೆ. ಒಳಗೆ ಕಡ್ಡಿ, ಹುಲ್ಲಿನ ಆಧಾರ ಕೊಡಬೇಕು, ಹಲವು ದಿನ ಕಾಯಬೇಕು. ಪಿಒಪಿಯಾದರೆ ಅಚ್ಚಿಗೆ ಸುರಿದ ಅರ್ಧ ಗಂಟೆಯೊಳಗೆ ಗಟ್ಟಿ, ತೂಕವೂ ಕಡಿಮೆ. ಮಣ್ಣೆತ್ತಿನ ಕಾಲು ಯಾಕೆ ಮೋಟು, ಮಣ್ಣಿನ ಗಣಪ ಯಾಕೆ ಕೂತೇ ಇರುತ್ತಾನೆ ಎಂಬುದಕ್ಕೂ ಇಲ್ಲಿ ಉತ್ತರವಿದೆ. ಮಣ್ಣು ತಡೆಯುವ ಆಕಾರ ಅದು.

ಇನ್ನೆರಡು ಸಂದೇಶಗಳು

*ಅರಿಶಿನದ ಗಣಪನಿಂದ ಕೆರೆಯ ನೀರು ಶುದ್ಧವಾಗುತ್ತದೆಯೇ?* ಇಲ್ಲ. ಅರಿಶಿನದ ಮುಖ್ಯ ಅಂಶ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಅಪರೂಪ. ಬಣ್ಣವಾಗಿ ಅರಿಶಿನ ಒಳ್ಳೆಯದು, ನೀರು ಶುದ್ಧೀಕರಿಸುವ ಔಷಧಿಯಲ್ಲ.

*ಸೋಡಾ ಹಾಕಿದರೆ ಪಿಒಪಿ ಕರಗುತ್ತದೆಯೇ?* ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಸೂಚಿಸಿದ್ದು ಅಡುಗೆ ಸೋಡಾ ಅಲ್ಲ, ಅಮೋನಿಯಂ ಬೈಕಾರ್ಬೊನೇಟ್. ಅದು ಪಿಒಪಿಯನ್ನು ಸುಣ್ಣದ ಪುಡಿ ಮತ್ತು ಅಮೋನಿಯಂ ಸಲ್ಫೇಟ್ ಗೊಬ್ಬರವಾಗಿ ಒಡೆಯುತ್ತದೆ. ಇದು ಬಕೆಟ್ಟಿನಲ್ಲಿ ಮಾಡುವ ವಿಧಾನ. ಬಾವಿಗೆ, ಕೆರೆಗೆ ಸುರಿಯುವಂಥದ್ದಲ್ಲ.

ಕೊಳ್ಳುವಾಗ ಪರೀಕ್ಷಿಸುವುದು ಹೇಗೆ?

- ಮೂರ್ತಿಯ ತಳದಿಂದ ಚೂರು ಕೆರೆದು ಲೋಟದ ನೀರಿಗೆ ಹಾಕಿ. ಒಣಗಿದ ಹಸಿ ಮಣ್ಣು ಕೆಲವೇ ನಿಮಿಷಗಳಲ್ಲಿ ಉದುರಿ ಕೆಸರಾಗುತ್ತದೆ. ಸುಟ್ಟ ಮಣ್ಣಿನಿಂದ ಗುಳ್ಳೆ ಬರಬಹುದು, ಚೂರು ಹಾಗೇ ಉಳಿಯುತ್ತದೆ. ಪಿಒಪಿ ಚೂರೂ ಉಳಿಯುತ್ತದೆ.
- ಕೆರೆದ ಜಾಗ ಅಚ್ಚ ಬಿಳುಪಾಗಿದ್ದು, ಗಾತ್ರಕ್ಕೆ ಹೋಲಿಸಿದರೆ ಮೂರ್ತಿ ಹಗುರವಾಗಿದ್ದರೆ ಪಿಒಪಿ ಇರಬಹುದು.
- ಬೆರಳಿನಿಂದ ತಟ್ಟಿದಾಗ ಮಡಕೆಯಂತೆ ಟಣ್ ಎಂದರೆ ಸುಟ್ಟ ಮಣ್ಣು.

ಹಾಗಾದರೆ ಏನು ಮಾಡಬೇಕು?

ನೀರಿಗೆ ಬಿಡುವುದಾದರೆ ಸುಡದ, ಪೇಂಟ್ ಬಳಿಯದ ಮಣ್ಣಿನ ಮೂರ್ತಿ ತನ್ನಿ. ಅದು ಚೆನ್ನಾಗಿ ಒಣಗಿರಲಿ. ಅಚ್ಚರಿಯೆನಿಸಬಹುದು, ಪೂರ್ತಿ ಒಣಗಿದ ಮಣ್ಣು ಅರೆತೇವದ ಮಣ್ಣಿಗಿಂತ ಬೇಗ ಬಿಡಿಯಾಗುತ್ತದೆ. ಒಣ ರಂಧ್ರಗಳಿಗೆ ನೀರು ರಭಸದಿಂದ ನುಗ್ಗಿ, ಒಳಗಿನ ಗಾಳಿ ಮಣ್ಣನ್ನು ಒಡೆಯುವುದೇ ಕಾರಣ. ಮನೆಯ ಬಕೆಟ್ಟಿನಲ್ಲೇ ವಿಸರ್ಜಿಸಿ, ಕೆಸರನ್ನು ಗಿಡದ ಬುಡಕ್ಕೆ ಹಾಕಬಹುದು.

ಟೆರಾಕೋಟಾ ಗಣಪ ಈಗಾಗಲೇ ಮನೆಗೆ ಬಂದಿದ್ದರೆ ಕುಡಿಯುವ ನೀರಿನ ಬಾವಿಗೆ ಬಿಡಬೇಡಿ. ಅದು ಅಲ್ಲೇ ಹೂಳಾಗಿ ಕೂರುತ್ತದೆ. ಪೂಜೆ ಮುಗಿಸಿ, ನೀರು ಚಿಮುಕಿಸಿ, ಒರೆಸಿ ಮುಂದಿನ ವರ್ಷಕ್ಕೆ ಎತ್ತಿಡಿ. ಸುಟ್ಟ ಮಣ್ಣಿಗೆ ಬಾಳಿಕೆ ಹೆಚ್ಚು, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಆ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ ಒಂದೇ ಸಾಲು ಸೇರಿಸಿ ಕಳಿಸಿ: ಹಸಿ ಮಣ್ಣು ನೀರಿಗೆ, ಸುಟ್ಟ ಮಣ್ಣು ಮನೆಗೆ.