‘ಯಾರ ಕಡೆಯಿಂದ ಬಂತು?’ ಎಂದು ಕೇಳುವ ಮುನ್ನ

ಚೆನ್ನೈ ಸೆಂಟ್ರಲ್ ರೈಲು ನಿಲ್ದಾಣದ ಎದುರಿಗೇ ಇದೆ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ. 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ ಕಂಪನಿ ಸೈನಿಕರಿಗಾಗಿ ತೆರೆದ ಪುಟ್ಟ ಶುಶ್ರೂಷಾಲಯವೇ ಬೆಳೆದು ಈ ಆಸ್ಪತ್ರೆಯಾಯಿತು. ಇಲ್ಲಿಗೆ, ನಗರದ ಖಾಸಗಿ ಆಸ್ಪತ್ರೆಗಳಿಗೆ, ಇಲ್ಲವೇ ದಾರಿಯಲ್ಲೇ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ, ಕೋಲಾರ, ಬೆಂಗಳೂರು ಕಡೆಯಿಂದ ರಕ್ತದ ಕಾಯಿಲೆಯ ಫೈಲು ಹಿಡಿದು ಬರುವ ಕುಟುಂಬಗಳು ಲಾಗಾಯ್ತಿನಿಂದ ಇವೆ.

ಕಾಯಿಲೆ ಮುಖ ತೋರಿಸುವ ಬಗೆ ಬೇರೆ ಬೇರೆ. ಒಂದು ಮನೆಯಲ್ಲಿ ಮಗುವಿನ ಕಾಲಿನ ಮೇಲೆ ಪೆಟ್ಟು ಬೀಳದೆಯೂ ನೀಲಿ ಕಲೆ, ಹಲ್ಲುಜ್ಜುವಾಗ ವಸಡಿನಿಂದ ನಿಲ್ಲದ ರಕ್ತ. ಇನ್ನೊಂದು ಮನೆಯಲ್ಲಿ ಮೂವತ್ತರ ಹೆಂಗಸಿಗೆ ಏಕಾಏಕಿ ಸುಸ್ತು, ಕಣ್ಣು ಹಳದಿ, ಮೂತ್ರ ಕಡುಬಣ್ಣ. ಕಾಮಾಲೆಯೆಂದು ನಾಟಿ ಔಷಧವನ್ನೂ ಕುಡಿಸಿ ಆಗಿರುತ್ತದೆ. ಮೊದಲನೆಯದು ದೇಹ ತನ್ನ ಪ್ಲೇಟ್‌ಲೆಟ್‌ಗಳನ್ನು ತಾನೇ ನಾಶಮಾಡುವ ಐಟಿಪಿ ಇರಬಹುದು. ಎರಡನೆಯದು ಕೆಂಪು ರಕ್ತಕಣಗಳನ್ನು ಒಡೆಯುವ ಆಟೋಇಮ್ಯೂನ್ ಹಿಮೋಲಿಟಿಕ್ ಅನೀಮಿಯ. ಇವೆರಡೂ ಒಬ್ಬರಲ್ಲೇ ಕಾಣಿಸಿಕೊಂಡರೆ ಇವಾನ್ಸ್ ಸಿಂಡ್ರೋಮ್. ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಯ ಮೇಲೇ ದಾಳಿಯಾದರೆ ಅಪ್ಲಾಸ್ಟಿಕ್ ಅನೀಮಿಯ. ನಾಲ್ಕರಲ್ಲೂ ದಾಳಿ ಮಾಡುವುದು ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ.

ವೈದ್ಯರು ಇದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಮನೆಯವರ ಬಾಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಇದು ಯಾರ ಕಡೆಯಿಂದ ಬಂತು?’ ನಮ್ಮ ಮನೆಗಳಲ್ಲಿ ಈ ಪ್ರಶ್ನೆಯ ಬೆರಳು ಸಾಮಾನ್ಯವಾಗಿ ಸೊಸೆಯ ತವರಿನ ಕಡೆಗೇ ತಿರುಗುತ್ತದೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: ‘ನೀರಿನಿಂದ ಬಂತಾ? ಹೊಗೆಯಿಂದಲಾ? ಹಾಕಿಸಿದ ಲಸಿಕೆಯಿಂದಲಾ?’ ಈ ಎರಡು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿದರೆ ಸಿಗುವ ಉತ್ತರ ಸುಳ್ಳೂ ಆಗಬಹುದು, ಕ್ರೂರವೂ ಆಗಬಹುದು. ಒಟ್ಟಿಗೆ ಕೇಳಿದರೆ ಚಿಕಿತ್ಸೆಯ ದಾರಿಯೇ ಬದಲಾಗುವ ಸಂದರ್ಭಗಳಿವೆ ಎಂಬುದು ಕಳೆದ ಮೂವತ್ತು ವರ್ಷಗಳ ವೈದ್ಯವಿಜ್ಞಾನ ಕಲಿತ ಪಾಠ.

ಚಳಿಗೆ ಕೆಂಪಾದ ಮೂತ್ರ

ದೇಹ ತನ್ನ ಮೇಲೆ ತಾನೇ ತಿರುಗಿಬೀಳುತ್ತದೆ ಎಂಬ ಮಾತನ್ನು ನೂರಿಪ್ಪತ್ತು ವರ್ಷಗಳ ಹಿಂದೆ ದೊಡ್ಡ ವಿಜ್ಞಾನಿಗಳೂ ನಂಬುತ್ತಿರಲಿಲ್ಲ. 1904ರಲ್ಲಿ ವಿಯೆನ್ನಾದ ಜೂಲಿಯಸ್ ಡೊನಾಥ್ ಮತ್ತು ಕಾರ್ಲ್ ಲ್ಯಾಂಡ್‌ಸ್ಟೈನರ್ ಚಳಿಗೆ ಮೈಯೊಡ್ಡಿದೊಡನೆ ಕೆಂಪು ಮೂತ್ರ ಹೋಗುವ ರೋಗಿಗಳನ್ನು ಪರೀಕ್ಷಿಸಿದರು. ರಕ್ತದ ಗುಂಪುಗಳನ್ನು ಕಂಡುಹಿಡಿದದ್ದೂ ಇದೇ ಲ್ಯಾಂಡ್‌ಸ್ಟೈನರ್. ತಣ್ಣಗಾದಾಗ ಕೆಂಪುಕಣಕ್ಕೆ ಅಂಟಿಕೊಂಡು, ಬೆಚ್ಚಗಾದಾಗ ಅದನ್ನು ಒಡೆದುಹಾಕುವ ಪ್ರತಿಕಾಯ ಆ ರೋಗಿಗಳ ರಕ್ತದಲ್ಲೇ ಇತ್ತು. ಅವರಲ್ಲಿ ಅನೇಕರಿಗೆ ಸಿಫಿಲಿಸ್ ಕೂಡ ಇತ್ತು. ಸಿಫಿಲಿಸ್ ಹತೋಟಿಗೆ ಬಂದ ಮೇಲೆ ಇದೇ ಕಾಯಿಲೆ ಹೆಚ್ಚಾಗಿ ಮಕ್ಕಳಲ್ಲಿ, ವೈರಸ್ ಜ್ವರದ ಬೆನ್ನಿಗೆ ಕಾಣಿಸತೊಡಗಿತು. ಅಂದರೆ ಮೊತ್ತಮೊದಲು ಗುರುತಿಸಿದ ಸ್ವಯಂನಿರೋಧಕ ಕಾಯಿಲೆಯಲ್ಲೇ ಸೋಂಕು ಮತ್ತು ಹವೆಯ ಕೈವಾಡ ಎದ್ದು ಕಾಣುತ್ತಿತ್ತು.

ಐಟಿಪಿಯ ಗುಟ್ಟು ಬಯಲಾದದ್ದು 1950ರಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ಯುವ ವೈದ್ಯರು ರೋಗಿಯೊಬ್ಬರ ರಕ್ತವನ್ನು ತಮ್ಮ ನರಕ್ಕೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್‌ಗಳು ನೆಲಕಚ್ಚಿದವು, ಸೆಳವು ಬಂತು, ಮೈತುಂಬ ರಕ್ತದ ಚುಕ್ಕೆಗಳೆದ್ದವು. ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ ಅದು. ಆದರೆ ಪ್ಲೇಟ್‌ಲೆಟ್‌ಗಳನ್ನು ಕೊಲ್ಲುವ ವಸ್ತು ರೋಗಿಯ ರಕ್ತದಲ್ಲೇ ಹರಿಯುತ್ತಿದೆ ಎಂಬುದು ಅವರ ಮೈಮೇಲೇ ಸಾಬೀತಾಯಿತು.

ಒಂದೇ ಜೀನ್, ಅಣ್ಣನಿಗೆ ರೋಗ, ತಂಗಿಗೆ ಇಲ್ಲ

ಐಟಿಪಿ ಬಂದ ಮಕ್ಕಳಲ್ಲಿ ಹೆಚ್ಚಿನವರು ವೈರಸ್ ಜ್ವರವೊಂದರ ನಂತರ ಅದಕ್ಕೆ ತುತ್ತಾಗಿ, ಕೆಲವು ತಿಂಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಅಂಥವರಿಗೆ ಜೀನ್ ಪರೀಕ್ಷೆಯ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಗಮನ ಬೇಕಾದದ್ದು ವಾಸಿಯಾಗದೆ ಉಳಿಯುವ, ಮತ್ತೆ ಮತ್ತೆ ಮರುಕಳಿಸುವ, ಪ್ಲೇಟ್‌ಲೆಟ್ ಜೊತೆಗೆ ಕೆಂಪುಕಣವೂ ನಾಶವಾಗುವ, ಕುತ್ತಿಗೆಯ ಗಂಟುಗಳೂ ಗುಲ್ಮವೂ ಊದಿಕೊಂಡಿರುವ ಮಕ್ಕಳ ಕಡೆಗೆ. ಫ್ರಾನ್ಸ್‌ನಲ್ಲಿ ಇವಾನ್ಸ್ ಸಿಂಡ್ರೋಮ್ ಇದ್ದ 80 ಮಕ್ಕಳ ಜೀನ್‌ಗಳನ್ನು ಓದಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 40ರಷ್ಟು ಮಕ್ಕಳಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ, ರೋಗಕಾರಕವೆಂದು ಗೊತ್ತಿರುವ ಜೀನ್‌ಗಳಲ್ಲೇ ದೋಷವಿತ್ತು. ‘ಕಾರಣ ತಿಳಿಯದು’ ಎಂದು ಬರೆದು ಸ್ಟೆರಾಯ್ಡ್ ಕೊಟ್ಟು ಕಳಿಸುತ್ತಿದ್ದ ಮಕ್ಕಳಿವರು. ನನ್ನ ಪಾಲಿಗೆ ಈ ವಿಷಯದ ಅತ್ಯಂತ ಮಹತ್ವದ ಅಂಕಿ ಇದೇ.

ಆ ಜೀನ್‌ಗಳಲ್ಲಿ ಮೊದಲು ಪತ್ತೆಯಾದದ್ದು ಫ್ಯಾಸ್, 1995ರಲ್ಲಿ. ಸೋಂಕಿನ ವಿರುದ್ಧ ಹೋರಾಡಿದ ಬಿಳಿ ರಕ್ತಕಣಗಳು ಕೆಲಸ ಮುಗಿದ ಮೇಲೆ ಸಾಯಬೇಕು. ಆ ಸಾವಿನ ಆದೇಶ ತಲುಪುವುದು ಫ್ಯಾಸ್ ಮೂಲಕ. ಅದು ಕೆಟ್ಟರೆ ಸಾಯಬೇಕಾದ ಕಣಗಳು ಗುಂಪುಗೂಡಿ ಉಳಿದು ಮನೆಯವರನ್ನೇ ಹೊಡೆಯತೊಡಗುತ್ತವೆ. 2014ರಲ್ಲಿ ಸಿಟಿಎಲ್‌ಎ4 ಎಂಬ ಜೀನ್ ಸೇರಿಕೊಂಡಿತು. ಇದು ನಿರೋಧಕ ವ್ಯವಸ್ಥೆಯ ಬ್ರೇಕು. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಬ್ರೇಕು ಸಡಿಲ. ಆದರೆ ದೋಷವಿರುವ ಎಲ್ಲರೂ ರೋಗಿಗಳಾಗುವುದಿಲ್ಲ. ಸುಮಾರು ಮೂವರಲ್ಲಿ ಒಬ್ಬರು ಆರೋಗ್ಯವಾಗಿಯೇ ಇರುತ್ತಾರೆ. ಅದೇ ಅಪ್ಪ ಅಮ್ಮ, ಅದೇ ದೋಷ, ಅಣ್ಣನಿಗೆ ಇವಾನ್ಸ್, ತಂಗಿಗೆ ಏನೂ ಇಲ್ಲ. ನಡುವಿನ ಈ ಅಂತರವನ್ನು ತುಂಬುವುದು ಉಳಿದ ಜೀನ್‌ಗಳು, ಬಾಲ್ಯದ ಸೋಂಕುಗಳು, ಹೊರಗಿನ ಪ್ರಚೋದನೆಗಳು, ಮತ್ತು ಬರಿಯ ಆಕಸ್ಮಿಕ.

ಹುಟ್ಟಿನಿಂದಲೇ ಬಾರದ ದೋಷಗಳೂ ಇವೆ. 2020ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ‘ವೆಕ್ಸಾಸ್’ ಎಂಬ ಕಾಯಿಲೆಯನ್ನು ಗುರುತಿಸಿದರು. ಬಹುಪಾಲು ಐವತ್ತು ದಾಟಿದ ಗಂಡಸರಲ್ಲಿ ರಕ್ತಹೀನತೆ, ಜ್ವರ, ಚರ್ಮ ಮತ್ತು ಕಿವಿಯ ಮೃದ್ವಸ್ಥಿಯ ಉರಿಯೂತ. ಕಾರಣ, ಎಕ್ಸ್ ವರ್ಣತಂತುವಿನ ಯುಬಿಎ1 ಜೀನ್‌ನಲ್ಲಿ, ಅಸ್ಥಿಮಜ್ಜೆಯ ಕೋಶದಲ್ಲಿ ಬದುಕಿನ ನಡುವೆ ಎಂದೋ ಆದ ಬದಲಾವಣೆ. ಅದು ಅಪ್ಪನಿಂದಲೂ ಬಂದದ್ದಲ್ಲ, ಅಮ್ಮನಿಂದಲೂ ಅಲ್ಲ. ಮಕ್ಕಳಿಗೆ ಹೋಗುವುದೂ ಇಲ್ಲ. ‘ಯಾರ ಕಡೆಯಿಂದ ಬಂತು’ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಉಳಿಯುವುದಿಲ್ಲ.

ಲಸಿಕೆಯ ಗದ್ದಲದಲ್ಲಿ ಕೇಳಿಸದೇ ಹೋದದ್ದು

2024ರ ಬೇಸಿಗೆಯಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡವರೆಲ್ಲ ಗಾಬರಿಗೊಂಡದ್ದು ಓದುಗರಿಗೆ ನೆನಪಿರಬಹುದು. ಕೋವಿಶೀಲ್ಡ್‌ನ ಮೂಲವಾದ ಆಸ್ಟ್ರಾಜೆನೆಕಾ ಕೋವಿಡ್ ಲಸಿಕೆಯಿಂದ ಅತ್ಯಂತ ವಿರಳವಾಗಿ ರಕ್ತ ಹೆಪ್ಪುಗಟ್ಟುವಿಕೆ ಮತ್ತು ಪ್ಲೇಟ್‌ಲೆಟ್ ಕುಸಿತ ಒಟ್ಟಿಗೆ ಆಗಬಹುದು ಎಂದು ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಸುದ್ದಿಯೇ ಅದಕ್ಕೆ ಕಾರಣ. ವೈದ್ಯರಿಗೆ ಈ ಸಂಗತಿ 2021ರಿಂದಲೇ ಗೊತ್ತಿತ್ತು. ಬ್ರಿಟನ್ನಿನಲ್ಲಿ 50 ವರ್ಷದೊಳಗಿನವರಲ್ಲಿ ಸುಮಾರು 50 ಸಾವಿರಕ್ಕೆ ಒಬ್ಬರಲ್ಲಿ ಇದು ಕಂಡಿತ್ತು. ಲಸಿಕೆ ಪಡೆದ ಕೆಲವೇ ವಾರಗಳೊಳಗೆ ಬರುವ ತೊಂದರೆಯಿದು. ವರ್ಷಗಳ ನಂತರ ಹೆದರುವುದಕ್ಕೆ ಆಧಾರವಿಲ್ಲ.

ಗದ್ದಲದಲ್ಲಿ ಕೇಳಿಸದೇ ಹೋದದ್ದು ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ತಂಡದ ಶೋಧ. ತೊಂದರೆಗೊಳಗಾದವರ ಪ್ರತಿಕಾಯಗಳನ್ನು ಬಿಡಿಸಿ ನೋಡಿದಾಗ, ಪರಸ್ಪರ ಸಂಬಂಧವಿಲ್ಲದ ಜನರಲ್ಲೂ ಅವು ಒಂದೇ ಅಚ್ಚಿನಂತಿದ್ದವು. ಪ್ರತಿಕಾಯ ಕಟ್ಟುವ ಒಂದು ನಿರ್ದಿಷ್ಟ ಜೀನ್ ನಮೂನೆಯಿಂದಲೇ ಹುಟ್ಟಿದ್ದವು. ಲಸಿಕೆಯ ವಾಹಕವಾಗಿದ್ದದ್ದು ಅಡಿನೊವೈರಸ್. ಲಸಿಕೆಯನ್ನೇ ಪಡೆಯದ, ಸಾಮಾನ್ಯ ನೆಗಡಿ ತರುವ ಅಡಿನೊವೈರಸ್ ಸೋಂಕಾದ ಬೆರಳೆಣಿಕೆಯ ರೋಗಿಗಳಲ್ಲೂ ಇದೇ ಕಾಯಿಲೆ ಕಂಡಿತು. 2024ರಲ್ಲಿ ಅವರ ಪ್ರತಿಕಾಯಗಳಲ್ಲೂ ಅದೇ ಗುರುತು ಸಿಕ್ಕಿತು. ಆ ಜೀನ್ ನಮೂನೆ ಅಪರೂಪದ್ದಲ್ಲ, ಲಕ್ಷಾಂತರ ಜನರಲ್ಲಿದೆ. ಅಡಿನೊವೈರಸ್ ತಾಗದ ಮನುಷ್ಯರು ವಿರಳ. ಇವೆರಡೂ ಕೂಡಿದರೂ ಬಹುತೇಕರಿಗೆ ಏನೂ ಆಗುವುದಿಲ್ಲ. ಪ್ರತಿಕಾಯ ತಯಾರಿಸುವ ಕೋಶಗಳು ಸೋಂಕಿನ ಹೊತ್ತಿನಲ್ಲಿ ತಮ್ಮ ಜೀನ್‌ಗಳನ್ನು ತಾವೇ ತಿದ್ದಿಕೊಳ್ಳುತ್ತ ಹೋಗುತ್ತವೆ. ಆ ತಿದ್ದುಪಡಿಯಲ್ಲಿ ಎಲ್ಲೋ ಒಬ್ಬರಲ್ಲಿ ದಾರಿ ತಪ್ಪುತ್ತದೆ. ಜೀನ್ ಮತ್ತು ಪರಿಸರ ಕೈಜೋಡಿಸುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ರಕ್ತದ ಕಾಯಿಲೆ ನನಗೆ ಇನ್ನೊಂದು ಕಂಡಿಲ್ಲ.

ಔಷಧಗಳೂ ಪ್ರಚೋದಕಗಳೇ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಕೆಲವರಲ್ಲಿ ಪ್ಲೇಟ್‌ಲೆಟ್ ಕುಸಿಯುವಂತೆ ಮಾಡುತ್ತದೆ. ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ವಿರಳವಾಗಿ ಕೆಂಪುಕಣಗಳನ್ನು ಒಡೆಯುತ್ತದೆ. ಗರ್ಭಿಣಿಯರ ರಕ್ತದೊತ್ತಡಕ್ಕೆ ಬಳಸುವ ಮೀಥೈಲ್‌ಡೋಪಾ ತೆಗೆದುಕೊಂಡವರ ಪೈಕಿ ಹಲವರಲ್ಲಿ ಕೆಂಪುಕಣಕ್ಕೆ ಅಂಟುವ ಪ್ರತಿಕಾಯ ಹುಟ್ಟುತ್ತದೆ, ಆದರೆ ರಕ್ತಹೀನತೆ ಬರುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ವೈದ್ಯರಿಗೆ ಮಾತ್ರ ತೆಗೆದುಕೊಂಡ ಪ್ರತಿಯೊಂದು ಔಷಧವನ್ನೂ, ನಾಟಿ ಕಷಾಯವನ್ನೂ ಬಿಡದೆ, ಹೇಳಲೇಬೇಕು.

ಮಣಲಿಯ ಗಾಳಿ, ಥಾಯ್ಲೆಂಡಿನ ಗದ್ದೆ

ಉತ್ತರ ಚೆನ್ನೈಯ ಮಣಲಿಯಲ್ಲಿ ತೈಲ ಸಂಸ್ಕರಣಾಗಾರ, ಪೆಟ್ರೋಕೆಮಿಕಲ್ ಮತ್ತು ರಸಗೊಬ್ಬರ ಕಾರ್ಖಾನೆಗಳು ಒತ್ತೊತ್ತಾಗಿವೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 43 ‘ತೀವ್ರ ಮಲಿನ’ ಕೈಗಾರಿಕಾ ಪ್ರದೇಶಗಳನ್ನು ಪಟ್ಟಿ ಮಾಡಿದಾಗ ಮಣಲಿ ಅದರಲ್ಲಿತ್ತು. ನಮ್ಮ ಮಂಗಳೂರು, ಭದ್ರಾವತಿಗಳೂ ಇದ್ದವು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆನೀರಿನೊಂದಿಗೆ ತೈಲ ಹರಿದು ಎಣ್ಣೂರು ಅಳಿವೆಯ ಮೀನುಗಾರರ ದೋಣಿ, ಬಲೆ, ಮೈಕೈಗಳಿಗೆಲ್ಲ ಮೆತ್ತಿಕೊಂಡದ್ದನ್ನು ದೇಶವೇ ನೋಡಿತು.

ಕಚ್ಚಾತೈಲ ಮತ್ತು ಪೆಟ್ರೋಲಿನಲ್ಲಿರುವ ಬೆಂಜೀನ್ ಅಸ್ಥಿಮಜ್ಜೆಗೆ ವಿಷ ಎಂಬುದರಲ್ಲಿ ಯಾವ ಅನುಮಾನವೂ ಇಲ್ಲ. ಉಸಿರಾಡುವ ಗಾಳಿಯಲ್ಲಿ ಅದರ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಆದರೆ ಬೆಂಜೀನ್ ನೇರವಾಗಿ ಮಜ್ಜೆಯನ್ನು ಸುಡುವುದು ಬೇರೆ, ನಿರೋಧಕ ವ್ಯವಸ್ಥೆಯೇ ಮಜ್ಜೆಯ ಮೇಲೆ ಏರಿಹೋಗುವುದು ಬೇರೆ. ಅಪ್ಲಾಸ್ಟಿಕ್ ಅನೀಮಿಯದ ಬಹುಪಾಲು ಪ್ರಕರಣಗಳು ಎರಡನೆಯ ಬಗೆಯವು. ಎಚ್‌ಎಲ್‌ಎ ಡಿಆರ್15 ಎಂಬ ಅಂಗಾಂಶ ಗುರುತು ಉಳ್ಳವರಲ್ಲಿ ಇದು ಹೆಚ್ಚು. ಥಾಯ್ಲೆಂಡಿನಲ್ಲಿ ವರ್ಷಗಟ್ಟಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಈ ಕಾಯಿಲೆ ಯುರೋಪಿಗಿಂತ ಎರಡು ಮೂರು ಪಟ್ಟು ಹೆಚ್ಚು. ಬೆಂಜೀನ್, ಕೀಟನಾಶಕಗಳ ಜೊತೆಗೆ ಬಾತುಕೋಳಿ, ಹೆಬ್ಬಾತುಗಳ ಒಡನಾಟ ಮತ್ತು ಗ್ರಾಮೀಣ ಕುಡಿಯುವ ನೀರಿಗೂ ಅದಕ್ಕೂ ನಂಟು ಕಂಡಿತು. ಯಾವುದೋ ಸೋಂಕಿನ ಕೈ ಇರಬಹುದೆಂಬ ಶಂಕೆ ಹುಟ್ಟಿದ್ದು ಹಾಗೆ. ಗದ್ದೆಗೆ ಔಷಧ ಹೊಡೆಯುವ, ಕೆರೆನೀರು ಕುಡಿಯುವ ನಮ್ಮ ಹಳ್ಳಿಗಳಿಗೂ ಸಲ್ಲುವ ಮಾತಿದು. ಮಣಲಿಯಲ್ಲಾಗಲಿ ಮಂಗಳೂರಿನ ಬೈಕಂಪಾಡಿಯಲ್ಲಾಗಲಿ ‘ಈ ರೋಗಿಗೆ ಈ ಹೊಗೆಯೇ ಕಾರಣ’ ಎಂದು ಬೆರಳು ತೋರಿಸಬೇಕಾದರೆ ಪ್ರತಿ ರೋಗಿಯ ವಾಸ, ಉದ್ಯೋಗ, ನೀರಿನ ಮೂಲವನ್ನು ಬರೆದಿಡುವ ನೋಂದಣಿ ಬೇಕು. ಸರ್ಕಾರಗಳು ಅದನ್ನು ಕಡ್ಡಾಯ ಮಾಡಬೇಕು.

ಸಂಬಂಧದೊಳಗಿನ ಮದುವೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಕ್ತಸಂಬಂಧದ ಮದುವೆಯಲ್ಲಿ ತಮಿಳುನಾಡು ಮುಂದೆ, ಶೇ 28. ಬೆನ್ನಿಗೇ ಕರ್ನಾಟಕ, ಶೇ 27. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಮಗನನ್ನು ವರಿಸುವುದು ಎರಡೂ ಕಡೆ ರೂಢಿ. ಎಲ್‌ಆರ್‌ಬಿಎ ಎಂಬ ಜೀನ್ ಸಿಟಿಎಲ್‌ಎ4 ಬ್ರೇಕನ್ನು ಕಾಪಾಡುತ್ತದೆ. ಅದರ ದೋಷ ಕಾಯಿಲೆಯಾಗಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಇಬ್ಬರೂ ಒಂದೇ ಅಜ್ಜಿಯ ಕುಡಿಗಳಾದರೆ ಆ ಸಂಭವ ಹೆಚ್ಚು. ಸೋದರಮಾವ–ಅಕ್ಕನ ಮಗಳ ಮದುವೆಯಲ್ಲಿ ಅತ್ತೆಮಗ–ಮಾವನಮಗಳ ಮದುವೆಗಿಂತ ಎರಡು ಪಟ್ಟು. ಹೀಗೆ ಬರುವ ದೋಷದಲ್ಲಿ ಇಬ್ಬರ ಪಾಲೂ ಸಮಸಮ. ಸೊಸೆಯನ್ನೊಬ್ಬಳನ್ನೇ ದೂರುವುದು ಅನ್ಯಾಯವಷ್ಟೇ ಅಲ್ಲ, ಲೆಕ್ಕಕ್ಕೂ ತಪ್ಪು.

ಎಲ್‌ಆರ್‌ಬಿಎ, ಸಿಟಿಎಲ್‌ಎ4 ದೋಷ ಗೊತ್ತಾದರೆ ಲಾಭವೂ ಇದೆ. ಕೀಲುವಾತಕ್ಕೆಂದು ಬಂದ ಅಬಾಟಾಸೆಪ್ಟ್ ಎಂಬ ಔಷಧ ಅದೇ ಬ್ರೇಕಿನ ಕೆಲಸ ಮಾಡುವುದರಿಂದ ಈ ರೋಗಿಗಳಿಗೆ ನೇರವಾಗಿ ಒದಗುತ್ತದೆ ಎಂದು 2015ರಲ್ಲಿ ತಿಳಿಯಿತು. ಗುಲ್ಮ ತೆಗೆಸುವ ಆತುರವೂ ತಪ್ಪುತ್ತದೆ. ಫ್ಯಾಸ್ ದೋಷವಿದ್ದವರಿಗೆ ಗುಲ್ಮ ತೆಗೆದರೆ ಮಾರಕ ಸೋಂಕಿನ ಅಪಾಯ ಹೆಚ್ಚು. ಅಸ್ಥಿಮಜ್ಜೆ ಕಸಿಯೇ ದಾರಿಯೆಂದಾದಾಗ ಜೀನ್ ವರದಿ ಇನ್ನೂ ಮುಖ್ಯ, ಏಕೆಂದರೆ ಹೊಂದುವ ತಮ್ಮನಲ್ಲೂ ಅದೇ ದೋಷ ಅಡಗಿರಬಹುದು. ವೆಲ್ಲೂರಿನಲ್ಲಿ ಮೊದಲ ಮಜ್ಜೆ ಕಸಿ ನಡೆದದ್ದು 1986ರಲ್ಲಿ. ಅಂದು ಒಡಹುಟ್ಟಿದವರು ಹೊಂದದಿದ್ದರೆ ಆಸೆ ಬಿಡಬೇಕಿತ್ತು. ಒಡಹುಟ್ಟಿದವರು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ.

ಮಗುವಿನ ಪ್ಲೇಟ್‌ಲೆಟ್ ಡೆಂಗಿ ವಾಸಿಯಾದ ಮೇಲೂ ಏರದಿದ್ದರೆ, ಎರಡು ಬಗೆಯ ರಕ್ತಕಣ ಒಟ್ಟಿಗೆ ಕುಸಿದರೆ, ಪಪ್ಪಾಯಿ ಎಲೆಯ ರಸದಲ್ಲಿ ದಿನ ಕಳೆಯದೆ ರಕ್ತರೋಗ ತಜ್ಞರನ್ನು ಕಾಣಿ. ಮದುವೆಯ ಸಂಬಂಧವನ್ನು ಮುಚ್ಚಿಡದೆ ಹೇಳಿ. ಇನ್ನೊಂದು ಕೆಲಸ ಆರೋಗ್ಯವಂತರ ಪಾಲಿನದು. 2009ರಲ್ಲಿ ಚೆನ್ನೈನಲ್ಲಿ ಹುಟ್ಟಿದ ದಾತ್ರಿ ಎಂಬ ನೋಂದಣಿ ಸಂಸ್ಥೆ ಒಡಹುಟ್ಟಿದವರು ಹೊಂದದ ರೋಗಿಗಳಿಗಾಗಿ ದೇಶದಾದ್ಯಂತ ರಕ್ತ ಆಕರಕೋಶ ದಾನಿಗಳನ್ನು ದಾಖಲಿಸುತ್ತದೆ. ಹೆಸರು ಬರೆಸಲು ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ಕೊಟ್ಟರೆ ಸಾಕು. ಹದಿನೆಂಟು ತುಂಬಿದ ಕನ್ನಡದ ಹುಡುಗ ಹುಡುಗಿಯರು ಹೆಚ್ಚು ಹೆಚ್ಚಾಗಿ ಆ ಪಟ್ಟಿಗೆ ಸೇರಬೇಕು, ಏಕೆಂದರೆ ನಮ್ಮವರ ಅಂಗಾಂಶಕ್ಕೆ ಹೊಂದುವ ದಾನಿ ಸಿಗುವ ಸಾಧ್ಯತೆ ನಮ್ಮವರ ನಡುವೆಯೇ ಹೆಚ್ಚು.